‘ಸಿನಿಮಾದಾಗೂ ಜಾತಿ ತರ್ತೀರಲ್ರೀ’ ಅಂದವರಿಗೆ



ಇತ್ತೀಚೆಗೆ ನೋಡಿದ ಸಿನಿಮಾಗಳ ಬಗ್ಗೆ ಹೋದ ವಾರ ನಾಲ್ಕು ಸಾಲು ಬರೆದು ಹಾಕಿದ್ದೆ. ಕೆಳಗೆ ಬಂದ ಕಮೆಂಟುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: “ಸರ, ಸಿನಿಮಾನ ಸಿನಿಮಾ ಥರ ನೋಡ್ರಿ, ಅದರಾಗೂ ಜಾತಿ ಯಾಕ ತರ್ತೀರಿ?” ಬೈದವರಿಗೆ ನಾನು ಉತ್ತರ ಕೊಡೂದಿಲ್ಲ. ಆದರ ಹಿಂಗ ಮೆತ್ತಗ ಕೇಳಿದವರಿಗೆ ಕೊಡಬೇಕು. ಉದ್ದ ಆಗ್ತದ, ಪುರುಸೊತ್ತಿದ್ದಾಗ ಓದ್ರಿ.

ಮೊದಲು ಮರಕುಂಬಿ ನೆನಪು ಮಾಡ್ಕೊಳ್ರಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕು. 2014ರ ಆಗಸ್ಟ್. ಜಗಳ ಶುರುವಾದದ್ದು ಗಂಗಾವತಿಯಲ್ಲಿ, ಸಿನಿಮಾ ಟಿಕೆಟ್ಟಿನ ವಿಚಾರಕ್ಕೆ. ಮುಗಿದದ್ದು ಮರಕುಂಬಿಯ ದಲಿತರ ಗುಡಿಸಲಿಗೆ ಬೆಂಕಿ ಬೀಳೋದರೊಂದಿಗೆ. ಹತ್ತು ವರ್ಷ ಕೋರ್ಟಿಗೆ ಅಲೆದ ಮೇಲೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳೇ ಇಲ್ಲೇ ನಮ್ಮ ಧಾರವಾಡದ ಹೈಕೋರ್ಟ್ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಈಗ ಹೇಳ್ರಿ, ಸಿನಿಮಾದಾಗ ಜಾತಿ ತಂದವರು ಯಾರು? ನಾನು ಬರೆಯೋ ಮೊದಲ ಅದು ಟಿಕೆಟ್ ಕೌಂಟರ್ ಮುಂದ ಪಾಳಿ ಹಚ್ಚಿ ನಿಂತಿತ್ತು.

ಇನ್ನ ಸಿನಿಮಾಕ್ಕ ಬರೋಣ.

ಈ ನಡುವೆ ನೋಡಿದ್ದರಾಗ ಎದಿಗೆ ನಾಟಿದ್ದು ನೀರಜ್ ಘೇವಾನ್ ಅವರ ‘ಹೋಮ್‌ಬೌಂಡ್’. ಇಬ್ಬರು ಗೆಳೆಯರು, ಒಬ್ಬ ದಲಿತ, ಒಬ್ಬ ಮುಸ್ಲಿಂ. ಇಬ್ಬರಿಗೂ ಪೊಲೀಸ್ ಕಾನ್‌ಸ್ಟೆಬಲ್ ಆಗುವ ಆಸೆ, ಯಾಕಂದ್ರ ಖಾಕಿ ಹಾಕ್ಕೊಂಡ್ರ ಯಾರೂ ಹೆಸರು ಕೇಳಿ ಮುಖ ಸಿಂಡರಿಸೂದಿಲ್ಲ ಅನ್ನೋ ನಂಬಿಕೆ. 2020ರ ಲಾಕ್‌ಡೌನ್‌ನಲ್ಲಿ ಸೂರತ್‌ನಿಂದ ಊರಿಗೆ ಹೊರಟ ಇಬ್ಬರು ನಿಜವಾದ ಹುಡುಗರ ಬಗ್ಗೆ ಬಷಾರತ್ ಪೀರ್ ಬರೆದ ಲೇಖನ ಇದಕ್ಕೆ ಮೂಲ. ಆಸ್ಕರ್‌ಗೆ ಭಾರತದಿಂದ ಹೋದ ಸಿನಿಮಾ, ಕಾನ್‌ನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದೆಲ್ಲ ಇರಲಿ. ನನಗ ಉಳಿದದ್ದು ಆ ಹುಡುಗ ತನ್ನ ಪೂರ್ತಿ ಹೆಸರು ಹೇಳಲಿಕ್ಕೆ ಹಿಂಜರಿಯೋದು. ಅರ್ಜಿ ತುಂಬುವಾಗ ಪರಿಶಿಷ್ಟ ಜಾತಿಯ ಕಾಲಂ ಮುಂದ ಪೆನ್ನು ನಿಲ್ತದಲ್ಲ, ಆ ನಿಲ್ಲೂದು. ಧಾರವಾಡದಾಗ ರೂಮ್ ಹುಡುಕಿದ ನಮ್ಮ ಯಾವ ಹುಡುಗನಿಗೆ ಅದು ಗೊತ್ತಿಲ್ಲ? ಸಪ್ತಾಪುರದ ಕೋಚಿಂಗ್ ಸೆಂಟರಿಗೆ ಅಂತ ನಾಲ್ಕೂ ದಿಕ್ಕಿನಿಂದ ಬರ್ತಾರ, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ವರ್ಷಗಟ್ಟಲೆ ಕೂತು ಓದ್ತಾರ. ಮನಿ ಮಾಲಕರು ಮೊದಲು ಕೇಳೋದು “ಯಾವ ಊರು?” ಎರಡನೇದು “ಯಾವ ಮಂದಿ ನೀವು?” ಎರಡನೇದಕ್ಕ ಉತ್ತರ ಕೊಡೋ ಮೊದಲು ಒಂದು ಉಗುಳು ನುಂಗ್ತೀವಲ್ಲ, ಅಷ್ಟು ಹೊತ್ತನ್ನ ಇಡೀ ಸಿನಿಮಾ ಮಾಡ್ಯಾರ. ಘೇವಾನ್ ತಾನು ದಲಿತ ಅಂತ ಬಹಿರಂಗವಾಗಿ ಹೇಳಿಕೊಂಡ ನಿರ್ದೇಶಕ. ಹೊರಗಿನಿಂದ ಬಗ್ಗಿ ನೋಡಿದವರಿಗೆ ಈ ಉಗುಳು ಕಾಣೂದಿಲ್ಲ.

ಅದರಾಗ ಹುಡುಗನ ಅವ್ವ ಶಾಲೆಯಲ್ಲಿ ಅಡುಗೆಗೆ ಸೇರ್ತಾಳ, ಊರಿನವರು ತಕರಾರು ತೆಗೀತಾರ. “ಇದು ಉತ್ತರ ಪ್ರದೇಶದ ಕತಿ” ಅಂತ ಒಬ್ಬರು ಕಮೆಂಟ್ ಹಾಕಿದ್ರು. ಅಣ್ಣಾರ, ಚಾಮರಾಜನಗರದ ಹೊಮ್ಮ ಗ್ರಾಮದ ಸರ್ಕಾರಿ ಶಾಲೆ 2025ರ ಜೂನ್‌ನಲ್ಲಿ ಯಾಕೆ ಸುದ್ದಿಯಾಯ್ತು ಅಂತ ಒಮ್ಮೆ ಹುಡುಕಿ ಓದ್ರಿ. ಅಡುಗೆಯಾಕಿ ದಲಿತಳು ಅಂತ ಮಕ್ಕಳ ಟಿಸಿ ಕಿತ್ತರು ಅನ್ನೋ ಸುದ್ದಿ ಅದು.

ಎರಡನೇದು ‘ಧಡಕ್ 2’. ಮಾರಿ ಸೆಲ್ವರಾಜ್ ಅವರ 2018ರ ತಮಿಳಿನ ‘ಪರಿಯೇರುಂ ಪೆರುಮಾಳ್’ದ ಹಿಂದಿ ರೂಪ. ಮೂಲ ನೋಡಿದವರಿಗೆ ಇದು ನೀರು ಬೆರೆಸಿದ ಮಜ್ಜಿಗೆ. ದಲಿತ ಅಂದಕೂಡಲೇ ಹೀರೋನ ಮುಖಕ್ಕೆ ಕಪ್ಪು ಬಳಿದದ್ದು ಇನ್ನೊಂದು ನಾಚಿಕೆಗೇಡು. ಆದರೂ ಪೂರ್ತಿ ಬೈಯಲಿಕ್ಕೆ ಮನಸ್ಸು ಬರವಲ್ದು, ಯಾಕಂದ್ರ ಇದ್ದದ್ದರಾಗೂ ಸೆನ್ಸಾರ್ ಮಂಡಳಿ 16 ಕಡೆ ಕೈ ಹಾಕಿತು. ಜಾತಿ ಹಿಡಿದು ಬೈಯುವ ಶಬ್ದ ಇದ್ದಲ್ಲಿ ‘ಜಂಗ್ಲಿ’ ಅಂತ ಹಾಕಿಸಿದರು. ಬೈಯೋರು ಬಾಯಿ ತುಂಬ ಬೈತಾರ. ಬೈಸ್ಕೊಂಡವ ಪರದೆ ಮ್ಯಾಲೆ ಅದನ್ನ ಹೇಳಂಗಿಲ್ಲ. ಏಪ್ರಿಲ್ 2025ರಾಗ ‘ಫುಲೆ’ ಸಿನಿಮಾಕ್ಕೂ ಇದೇ ಗತಿ. ಬಿಡುಗಡೆ 11ರಿಂದ 25ಕ್ಕೆ ಹೋಯ್ತು. ಮಹಾರ್, ಮಾಂಗ್ ಅನ್ನೋ ಹೆಸರು ತೆಗೀರಿ, ಪೇಶ್ವಾಯಿ ತೆಗೀರಿ, ‘ಮೂರು ಸಾವಿರ ವರ್ಷದ ಗುಲಾಮಗಿರಿ’ ಅನ್ನೋದನ್ನ ‘ಎಷ್ಟೋ ವರ್ಷದ’ ಅಂತ ಮಾಡ್ರಿ! ಮಹಾತ್ಮ ಫುಲೆ ಅವರ ಸಿನಿಮಾದಾಗ ಜಾತಿ ಹೆಸರು ಇರಬಾರದಂದ್ರ ಉಳಿಯೋದೇನು, ರುಮಾಲು ಅಷ್ಟೆ.

ನಮ್ಮೂರು ಅಮ್ಮಿನಬಾವಿ ಗೊತ್ತಿದ್ದವರಿಗೆ ಗೊತ್ತದ, ಸವದತ್ತಿಯಿಂದ ಬರುವ ಮಲಪ್ರಭೆ ನೀರು ಇಲ್ಲಿನ ಶುದ್ಧೀಕರಣ ಘಟಕದಾಗ ತಿಳಿಯಾಗಿ ಹುಬ್ಬಳ್ಳಿ-ಧಾರವಾಡದ ನಳಕ್ಕ ಹೋಗ್ತದ. ಕುಡಿಯೋ ನೀರಿಗೆ ಅದು ಬೇಕು. ಆದರ ಸೆನ್ಸಾರಿನವರು ಬಾಳೇವನ್ನೂ ಹಂಗ ಸೋಸಿ, ರಾಡಿ ಕೆಳಗ ಕುಂದ್ರಿಸಿ, ಮ್ಯಾಲಿನ ತಿಳಿ ಅಷ್ಟ ಶಹರಕ್ಕ ಬಿಡ್ತಾರ. ಶಹರದವರು ಕುಡಿದು “ಈಗೆಲ್ಲಿದೆ ಜಾತಿ?” ಅಂತ ಕೇಳ್ತಾರ.

ಎಲ್ಲಿದೆ ಅಂದ್ರ, ಹುಬ್ಬಳ್ಳಿ ತಾಲೂಕಿನ ಇನಾಂ ವೀರಾಪುರದಾಗ ಇತ್ತು. 2025ರ ಡಿಸೆಂಬರ್. ದಲಿತ ಹುಡುಗನ್ನ ಮದುವೆಯಾದ ಗರ್ಭಿಣಿ ಹೆಣ್ಣುಮಗಳ ಕೊಲೆ, ಆಕೆಯ ತಂದೆಯೇ ಅರೆಸ್ಟ್. ‘ಸೈರಾಟ್’ ಬಂದದ್ದು 2016ರಾಗ, ಅದರ ಹಾಡಿಗೆ ನಮ್ಮ ಭಾಗದ ಮದುವಿ ಮೆರವಣಿಗೆಯೊಳಗ ಕುಣಿಯದವರಿಲ್ಲ. ಕೊನೆಯ ಸೀನ್ ಮಾತ್ರ ಯಾರೂ ನೆನಪಿಟ್ಟಿಲ್ಲ.

ಇನ್ನ ಕನ್ನಡದವು. ‘ಕಾಟೇರ’ವನ್ನ ಮೊನ್ನೆ ಟಿವಿಯಾಗ ಮತ್ತೊಮ್ಮೆ ನೋಡಿದೆ. ಉಳುವವನೇ ಹೊಲದೊಡೆಯ ಅನ್ನೋದನ್ನ ದೊಡ್ಡ ಹೀರೋ ಹೇಳಿದ್ದು ಸಣ್ಣ ಮಾತಲ್ಲ, ಆ ಮಟ್ಟಿಗೆ ನಾನೂ ಸಿಳ್ಳೆ ಹೊಡೆಯೋವನ. ಆದರ ಒಂದು ಲೆಕ್ಕ ಅದರಾಗಿಲ್ಲ. 1974ರ ಕಾಯ್ದೆಯಲ್ಲಿ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ನಿಲ್ಲಬೇಕಾದವನು ಗೇಣಿದಾರ. ಗೇಣಿಯೂ ಇಲ್ಲದ, ಬರೀ ಜೀತ ಮತ್ತು ಕೂಲಿ ಮಾಡಿದ ಕೇರಿಯವ ಯಾವ ಫಾರಂ ತುಂಬಬೇಕಿತ್ತು? ಅರಸು ಅವರ ಬಗ್ಗೆ ನನಗ ಗೌರವ ಐತಿ. ಆದರ ಹೊಲ ಬಹಳಷ್ಟು ಮಟ್ಟಿಗೆ ನಮ್ಮ ಮಗ್ಗಲಿನ ಓಣಿಗೆ ಬಂತು, ನಮಗ ಹೊಸ ಧಣಿ ಬಂದ. ಆ ಕತಿಯನ್ನ ಯಾವ ಸ್ಟಾರೂ ಮಾಡೂದಿಲ್ಲ, ಯಾಕಂದ್ರ ಸಿಳ್ಳೆ ಹೊಡೆಯೋರ ಅರ್ಧ ಮಂದಿ ಆ ಮಗ್ಗಲಿನ ಓಣಿಯವರ.

‘ಕಾಂತಾರ ಚಾಪ್ಟರ್ 1’ ಬಗ್ಗೆ ಬರೆದ್ರ ಕರಾವಳಿಯ ಗೆಳೆಯರೂ ಸಿಟ್ಟಾಗ್ತಾರ, ಗೊತ್ತದ. ತಾಂತ್ರಿಕವಾಗಿ ಭಾರಿ ಸಿನಿಮಾ, ಒಪ್ಪಿದೆ. ನನ್ನ ತಕರಾರು ಒಂದ. ಕಾಡಿನವ ಅರಸನ ಎದುರು ತಲೆ ಎತ್ತಬೇಕಾದ್ರ ಪ್ರತಿ ಸಲ ಅವನ ಮೈಮ್ಯಾಲೆ ದೈವನೇ ಬರಬೇಕು. ಮನುಷ್ಯನ ಸಿಟ್ಟಿಗೆ ಬೆಲೆಯಿಲ್ಲ. ದೈವ ಇಳಿದ ಮೇಲೆ ಆ ದೈವ ಕಟ್ಟುವ ನಲಿಕೆ, ಪಂಬದರ ಮನೆಯವ ಎಲ್ಲಿ ಕೂಡ್ತಾನ, ಅದನ್ನ ಕ್ಯಾಮೆರಾ ನೋಡೂದಿಲ್ಲ. ಮೊದಲ ‘ಕಾಂತಾರ’ ಬಂದಾಗ, 2022ರಲ್ಲಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಅಂತ ಸರ್ಕಾರ ಘೋಷಿಸಿತು. ಸಿನಿಮಾದ ಗಳಿಕೆ ನೂರಾರು ಕೋಟಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ರಿ.

ಕನ್ನಡಕ್ಕ ಇದೇನು ಹೊಸದಲ್ಲ. 1975ರಲ್ಲೇ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು. ದೊಡ್ಡ ಸಿನಿಮಾ, ನಾನು ಮೂರು ಸಲ ನೋಡೀನಿ. ಆದರ ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಒಂದರಾಗ ಚೋಮ ಬೇಸಾಯದ ಆಸೆ ಹೊತ್ತುಕೊಂಡ ಸಾಯ್ತಾನ, ಇನ್ನೊಂದರಾಗ ಅವನ ಮಕ್ಕಳು ಬೀದಿಗೆ ಬರ್ತಾರ. ಗಾಂಧಿನಗರ ಚೋಮನ್ನಷ್ಟ ಇಟ್ಟುಕೊಂಡಿತು. ಸಿದ್ಧಲಿಂಗಯ್ಯನವರಿಂದ ಪುಟ್ಟಣ್ಣನವರ ‘ಧರಣಿ ಮಂಡಲ ಮಧ್ಯದೊಳಗೆ’ಗೆ ಒಂದು ಪ್ರೇಮಗೀತೆ ತಗೊಂಡಿತು. ಚಂದದ ಹಾಡು, ನನಗೂ ಇಷ್ಟ. ಆದರ ಅವರ ಸಿಟ್ಟಿನ ಪದ್ಯಗಳು ಪರದೆಗೆ ಅಷ್ಟಾಗಿ ಬೇಕಾಗಲಿಲ್ಲ.

ಅದಕ್ಕ 2020ರಲ್ಲಿ ಜೀ ಕನ್ನಡದಾಗ ‘ಮಹಾನಾಯಕ’ ಡಬ್ ಆಗಿ ಬಂದಾಗ ಏನಾಯ್ತು ನೋಡಿದ್ರಿ. ಹಿಂದಿ ಧಾರಾವಾಹಿ, ತುಟಿಗೆ ಮಾತು ಕೂಡ್ತಿರಲಿಲ್ಲ. ಆದರೂ ಊರೂರಿನಾಗ ನಮ್ಮ ಹುಡುಗರು ರೊಕ್ಕ ಕೂಡಿಸಿ ಫ್ಲೆಕ್ಸ್ ಕಟ್ಟಿದರು. ಮಕ್ಕಳು ಭೀಮನ ಪಾತ್ರದ ಜೊತೆ ಅತ್ತವು. ಪ್ರಸಾರ ನಿಲ್ಲಿಸ್ರಿ ಅಂತ ಚಾನೆಲ್‌ನವರಿಗೆ ಬೆದರಿಕೆ ಕರೆ ಹೋದವು. “ಸಿನಿಮಾನ ಸಿನಿಮಾ ಥರ ನೋಡ್ರಿ” ಅನ್ನೋರು ಅವತ್ತು ಆ ಕರೆ ಮಾಡಿದವರಿಗೂ ಇದೇ ಮಾತು ಹೇಳಬೇಕಿತ್ತಲ್ಲ?

ಇಷ್ಟು ಹೊರಗಿನವರಿಗೆ. ಈಗ ನಮ್ಮವರಿಗೆ ಎರಡು ಮಾತು, ಸಿಟ್ಟಾಗಬ್ಯಾಡ್ರಿ. “ಕನ್ನಡಕ್ಕೊಬ್ಬ ಪಾ. ರಂಜಿತ್ ಬೇಕು” ಅಂತ ಸ್ಟೇಟಸ್ ಹಾಕದ ಸಂಗಾತಿ ಇಲ್ಲ. ಜೀವಾ ನವೀನ್ ಅವರ ‘ಪಾಲಾರ್’ 2023ರಲ್ಲಿ ಬಂದಾಗ ನಮ್ಮಲ್ಲಿ ಎಷ್ಟು ಮಂದಿ ಟಿಕೆಟ್ ತಗೊಂಡ್ರಿ? ರಾಯಚೂರು ಕಡೆಯ ಉತ್ಸವ್ ಗೋನವಾರ ಲಾಕ್‌ಡೌನ್‌ನಾಗ ನಡೆದು ಹೊಂಟ ಅಪ್ಪ-ಮಗನ ‘ಫೋಟೋ’ ಮಾಡಿದರು, ನಮ್ಮ ಮಂದಿಯ ಕತಿ, ನಮ್ಮ ಭಾಗದ ಮಾತು. 2024ರ ಮಾರ್ಚ್‌ನಲ್ಲಿ ಬಂತು, ನೋಡ್ಬೇಕು ಅನ್ನೋದ್ರೊಳಗ ಹೋಯ್ತು. ರಂಜಿತ್ ಆಕಾಶದಿಂದ ಉದುರಿಲ್ಲ. ‘ನೀಲಂ’ ಅಂತ ಸಂಸ್ಥೆ ಕಟ್ಟಿದ್ರು, ಮಾರಿ ಸೆಲ್ವರಾಜ್‌ಗೆ ಮೊದಲ ಸಿನಿಮಾಕ್ಕ ರೊಕ್ಕ ಹಾಕಿದ್ರು.

ರೊಕ್ಕದ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. 2025-26ರಾಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ಇತ್ತು. ಗಂಡ ಹೆಂಡತಿ ಹುಬ್ಬಳ್ಳಿ ಮಲ್ಟಿಪ್ಲೆಕ್ಸಿಗೆ ಹೋಗಿ ಬಂದ್ರ, ಬಸ್ಸಿನ ಖರ್ಚು ಸೇರಿ, ಎರಡು ದಿನದ ಕೂಲಿ ಹೋಯ್ತು. ಹಂಗಾಗಿ ಟಿಕೆಟ್ ತಗೊಳ್ಲಿಲ್ಲ ಅಂತ ಕೂಲಿಯವರಿಗೆ ನಾ ಬೈತಾ ಇಲ್ಲ. ಪಗಾರ ತಗೊಳ್ಳೋ ನೌಕರ ಸಂಗಾತಿಗಳಿಗೆ ಹೇಳಾಕತ್ತೀನಿ.

ಅದಕ್ಕ ಒಂದು ವಿಚಾರ ಮಾಡೀವಿ. ನಮ್ಮ ಓಣಿಯಾಗ ತಿಂಗಳಿಗೊಮ್ಮೆ, ರವಿವಾರ ರಾತ್ರಿ ಊಟ ಆದ ಮ್ಯಾಲೆ, ಬಯಲಾಗ ಪರದೆ ಕಟ್ಟಿ ಒಂದು ಸಿನಿಮಾ. ಮೊದಲನೇದು ‘ಫೋಟೋ’ ತೋರಸಬೇಕಂತ ಆಸೆ, ಮಾಡಿದವರನ್ನ ಕೇಳಿ, ಅವರ ಒಪ್ಪಿಗೆ ತಗೊಂಡ. ನೋಡಿ ಆದ ಮ್ಯಾಲೆ ಹೆಣ್ಣುಮಕ್ಕಳು ಮೊದಲು ಮಾತಾಡಬೇಕು, ಭಾಷಣ ಮಾಡೋ ನಮ್ಮಂಥವರು ಕಡೀಕೆ. ಪರದೆ ಐತಿ, ಸ್ಪೀಕರ್ ಜಯಂತಿ ಸಮಿತಿಯವು ಅದಾವು. ಪ್ರೊಜೆಕ್ಟರ್ ಇಲ್ಲ. ಧಾರವಾಡದಾಗ ಯಾರ ಹತ್ರಾದರೂ ಹಳೇದಿದ್ರ ಇನ್‌ಬಾಕ್ಸಿಗೆ ಬರ್ರಿ, ಬೈಕ್ ತಗೊಂಡು ನಾನ ಬಂದು ಒಯ್ತೀನಿ.