ಸಮುದ್ರದಾಚೆಯ ಜಮಾಖರ್ಚು

ಪರದೇಶಕ್ಕೆ ಹೋಗಿ ಕೆಲಕಾಲ ಇದ್ದು ಬರುವುದಕ್ಕೆ ಎಷ್ಟು ಹಣ ಬೇಕಾದೀತು ಎಂದು ತಿಳಿದವರನ್ನು ಕೇಳಿದರೆ ಅವರು ಮೂರು ಉತ್ತರಗಳನ್ನು ಕೊಡುವುದು ವಾಡಿಕೆ. ಸುಖವಾಗಿರಬೇಕಾದರೆ ಇಷ್ಟು, ಮಧ್ಯಮ ತರದಲ್ಲಾದರೆ ಇಷ್ಟು, ಹೊಟ್ಟೆ ಬಟ್ಟೆ ಕಟ್ಟಿ ಹೇಗೋ ಕಾಲ ಹಾಕುವುದಾದರೆ ಇಷ್ಟು. ನಮ್ಮಂತಹ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು ಈ ಪಟ್ಟಿಯಲ್ಲಿ ಮೊದಲು ನೋಡುವುದು ಕೊನೆಯ ಸಾಲನ್ನು. ಆ ಸಾಲು ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಈ ಮೂರು ದರ್ಜೆಗಳನ್ನೂ ಒಂದೇ ನಗರದಲ್ಲಿ, ಮೂರು ವರ್ಷಗಳೊಳಗೆ, ಒಬ್ಬನೇ ವಿದ್ಯಾರ್ಥಿಯು ಅನುಭವಿಸಿದ ದೃಷ್ಟಾಂತ ನಮ್ಮ ಮುಂದಿದೆ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಗಾಂಧೀಜಿ ಲಂಡನ್ನಿನಲ್ಲಿ ಮೊದಲು ಇಳಿದುಕೊಂಡದ್ದು ವಿಕ್ಟೋರಿಯಾ ಹೋಟೆಲಿನಲ್ಲಿ. ಅಲ್ಲಿಂದ ಹೊರಡುವಾಗ ತೆತ್ತದ್ದು 3 ಪೌಂಡ್. ಅಷ್ಟು ಕೊಟ್ಟೂ ಹೊಟ್ಟೆ ತುಂಬಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ತರುವಾಯ ಸಭ್ಯ ಆಂಗ್ಲನಾಗಬೇಕೆಂಬ ಹುಚ್ಚು ಹಿಡಿಯಿತು. ಎತ್ತರದ ಟೋಪಿಗೆ 19 ಶಿಲಿಂಗ್, ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ ಸಂಜೆಯ ಉಡುಪಿಗೆ 10 ಪೌಂಡ್, ನೃತ್ಯ ಕಲಿಯಲು 3 ಪೌಂಡ್, ಪಿಟೀಲಿಗೆ 3 ಪೌಂಡ್. ಇದರ ಮೇಲೆ ಊರಿನಲ್ಲಿದ್ದ ಅಣ್ಣನಿಂದ ತರಿಸಿಕೊಂಡ ಗಡಿಯಾರದ ಚಿನ್ನದ ಸರಪಳಿ ಬೇರೆ. ನಮ್ಮ ಪಟ್ಟಿಯ ಮೊದಲನೆಯ ದರ್ಜೆ ಇದೇ.

ಆದರೆ ಅವರಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಪ್ರತಿಯೊಂದು ಪುಡಿಗಾಸಿನ ಖರ್ಚನ್ನೂ ಬರೆದಿಟ್ಟು ರಾತ್ರಿ ಲೆಕ್ಕ ಸರಿನೋಡಿಯೇ ಮಲಗುತ್ತಿದ್ದರು. ಲೆಕ್ಕದ ಪುಸ್ತಕ ಮಾತನಾಡತೊಡಗಿದಾಗ ಖರ್ಚನ್ನು ಅರ್ಧಕ್ಕಿಳಿಸಬೇಕೆಂದು ನಿಶ್ಚಯಿಸಿದರು. ಒಂದು ಸಂಸಾರದ ಮನೆಯಲ್ಲಿ ಹಣ ಕೊಟ್ಟು ಇದ್ದಾಗ ಮನೆಯವರನ್ನು ಮರ್ಯಾದೆಗಾಗಿ ಆಗಾಗ ಹೊರಗಡೆ ಊಟಕ್ಕೆ ಕರೆದೊಯ್ಯಬೇಕಾಗುತ್ತಿತ್ತು. ಗಾಡಿಯ ಬಾಡಿಗೆಯೂ ಅವರದೇ. ಅದನ್ನು ಬಿಟ್ಟು ಬೇರೆ ಕೋಣೆ ಹಿಡಿದರು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂತಹ ಜಾಗವನ್ನೇ ಆರಿಸಿಕೊಂಡರು. ಹೀಗೆ ಗಾಡಿಯ ಬಾಡಿಗೆ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡೆದು ದೇಹವೂ ಗಟ್ಟಿಯಾಯಿತು. ಇದು ಎರಡನೆಯ ದರ್ಜೆ. ಆಮೇಲೆ ಅದನ್ನೂ ಬಿಟ್ಟು ಒಂದೇ ಕೋಣೆ, ಒಂದು ಒಲೆ. ಬೆಳಿಗ್ಗೆ ಓಟ್ಸಿನ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ರೊಟ್ಟಿ ಮತ್ತು ಕೋಕೋ. ಹೀಗೆ ದಿನವೊಂದಕ್ಕೆ 1 ಶಿಲಿಂಗ್ 3 ಪೆನ್ನಿಯಲ್ಲಿ ಸುಧಾರಿಸಿದರು. ಊಟ ತಿಂಡಿಯ ಲೆಕ್ಕವಿದು ಎಂದು ನಾನು ತಿಳಿಯುತ್ತೇನೆ. ವಾರಕ್ಕೆ 8 ಶಿಲಿಂಗ್ 9 ಪೆನ್ನಿ ಆಯಿತು. ಅಂದರೆ ಆ ಹೊಸ ಟೋಪಿಯ ಬೆಲೆಯಲ್ಲಿ ಎರಡು ವಾರ ಉಣ್ಣಬಹುದಾಗಿತ್ತು, ಮೇಲೆ ಕೆಲವು ಕಾಸು ಮಿಗುತ್ತಿತ್ತು!

ಈ ಅನುಭವದಿಂದಲೇ ಅವರು ಮುಂದೆ ಲಂಡನ್ನಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿಯನ್ನು ಬರೆದರು. ವಾರಕ್ಕೆ ಒಂದು ಪೌಂಡಿನಲ್ಲಿ ಅಲ್ಲಿ ಬದುಕಬಹುದೆಂಬುದು ಅದರ ವಾದ. ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಈಗ ಅವರ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿದೆ. ನಮ್ಮ ಮಿತ್ರರಲ್ಲಿ ಅನೇಕರು ಗಾಂಧೀಜಿಯವರನ್ನು ಪರೀಕ್ಷೆಯ ಪ್ರಬಂಧಕ್ಕೆ ಮಾತ್ರ ಉಪಯೋಗಿಸುತ್ತಾರೆ. ಬಾಡಿಗೆ, ಬಟ್ಟೆ, ಊಟಗಳ ದರ ಕಟ್ಟುವ ಈ ಗಾಂಧಿ ಅವರಿಗೆ ಗೊತ್ತಿದ್ದರೆ ಹೆಚ್ಚು ಹತ್ತಿರದವರಾಗುತ್ತಿದ್ದರು.

ಇನ್ನು ಇದರ ಮೇಲೆ ಸಾಮಾನ್ಯವಾಗಿ ಕೇಳಿಬರುವ ಉಪದೇಶಕ್ಕೆ ಬರೋಣ. “ನೋಡಯ್ಯಾ, ಗಾಂಧೀಜಿ ಗಂಜಿ ಕುಡಿದು ಬ್ಯಾರಿಸ್ಟರಾದರು, ಮನಸ್ಸಿದ್ದರೆ ನೀನೂ ಆಗಬಹುದು” ಎಂದು ಹಿರಿಯರು ಬೆನ್ನು ತಟ್ಟುತ್ತಾರೆ. ಅವರ ವಿಶ್ವಾಸ ದೊಡ್ಡದು. ಆದರೆ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ಗಾಂಧೀಜಿಯವರ ತಂದೆ ಸಂಸ್ಥಾನದ ದಿವಾನರಾಗಿದ್ದವರು. ಹೊರಡುವ ಮುನ್ನ ಜಾತಿಯವರು ಬಹಿಷ್ಕಾರ ಹಾಕಿ, ಹಣವಿಟ್ಟುಕೊಂಡಿದ್ದ ಭಾವನವರು ಅದನ್ನು ಕೊಡಲು ಹಿಂಜರಿದಾಗ ಸ್ನೇಹಿತರೊಬ್ಬರು ಸಾಲ ಕೊಟ್ಟರು. ಹೆಂಡತಿಯ ಒಡವೆ ಎರಡು ಮೂರು ಸಾವಿರ ರೂಪಾಯಿ ಬಾಳುತ್ತಿತ್ತು. ಕೇಳಿದಾಗಲೆಲ್ಲ ಕಳುಹಿಸುವ ಅಣ್ಣನಿದ್ದ. ಆ ಅಣ್ಣನ ಕಷ್ಟ ನೆನೆದೇ ಅವರು ಖರ್ಚು ಕಡಿಮೆ ಮಾಡಿದರೆಂಬುದು ನಿಜ, ಅದು ಅವರ ದೊಡ್ಡತನ. ಆದರೂ ಜ್ವರ ಬಂದು ಮಲಗಿದ್ದರೆ, ಒಂದು ಪರೀಕ್ಷೆ ಕೈಕೊಟ್ಟಿದ್ದರೆ, ಊರಿಗೊಂದು ಕಾಗದ ಬರೆಯಲು ಸ್ಥಳವಿತ್ತು. ಅವರ ಗಂಜಿ ಅವರು ಆರಿಸಿಕೊಂಡ ಗಂಜಿ.

ಇದರ ಪಕ್ಕದಲ್ಲಿ ಇನ್ನೊಂದು ಜಮಾಖರ್ಚನ್ನು ಇಟ್ಟು ನೋಡಬೇಕು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರ್ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು ಹನ್ನೊಂದೂವರೆ ಪೌಂಡ್. ಅದಕ್ಕೆ ಪ್ರತಿಯಾಗಿ ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಕರಾರು. ಈ ಹಣದಲ್ಲಿ ಮನೆಯವರ ಪಾಲೂ ಇತ್ತು. ಇಷ್ಟರಲ್ಲಿ ಆ ಮನುಷ್ಯ ಕೊಂಡದ್ದೇನು? ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಎರಡು ಸಾವಿರದಷ್ಟು ಪುಸ್ತಕಗಳು! ಊಟದಲ್ಲಿ ಮೂರನೆಯ ದರ್ಜೆ, ಪುಸ್ತಕದಲ್ಲಿ ಮೊದಲನೆಯ ದರ್ಜೆ. ಒಂದೇ ತಲೆಯ ಲೆಕ್ಕ ಎರಡು ದರ್ಜೆಯಲ್ಲಿ ನಡೆಯಬಹುದೆಂಬುದನ್ನು ಯಾವ ಪ್ರಯಾಣದ ಪಟ್ಟಿಯೂ ನಮಗೆ ಹೇಳಿಕೊಡುವುದಿಲ್ಲ.

ಅಲ್ಲಿಂದ ಅವರು ಲಂಡನ್ನಿಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಪ್ರಬಂಧ ಅರ್ಧದಲ್ಲಿ ನಿಂತಿತು, ಹಿಂದಿರುಗಬೇಕಾಯಿತು. ಪುಸ್ತಕಗಳನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಬುದ್ಧಿ ಕಡಿಮೆಯಾದುದರಿಂದ ಓದು ನಿಂತದ್ದಲ್ಲ, ಕಂತು ಮುಗಿದುದರಿಂದ ನಿಂತದ್ದು. ಮತ್ತೆ ಲಂಡನ್ನಿಗೆ ಹೋಗಲು 1920ರವರೆಗೆ ಕಾಯಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಸಂಬಳ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಠೇನಾ ಅವರಿಂದ 5,000 ರೂಪಾಯಿ ಸಾಲ: ಈ ಮೂರನ್ನು ಕೂಡಿಸಿ ಹೊರಟರು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಓದು. ಅಲ್ಲಿ ಕುಳಿತು ಓದುವುದಕ್ಕೆ ಶುಲ್ಕವಿರಲಿಲ್ಲ. ರಾತ್ರಿ ಹಸಿವಿನ ಜತೆಯಲ್ಲಿ ಓದು.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1920ರ ಆರಂಭದಲ್ಲಿ ಒಂದು ರೂಪಾಯಿಗೆ ಎರಡು ಶಿಲಿಂಗಿಗಿಂತ ಹೆಚ್ಚು ಬರುತ್ತಿತ್ತು; 1921ರಲ್ಲಿ ಅದು ಒಂದು ಶಿಲಿಂಗ್ ಮೂರು ಪೆನ್ನಿಯ ಆಸುಪಾಸಿಗೆ ಇಳಿಯಿತು. ಗಾಂಧೀಜಿಯವರ ಒಂದು ದಿನದ ಖರ್ಚಿನಷ್ಟೇ! ಊರಿನಿಂದ ರೂಪಾಯಿ ತರಿಸಿಕೊಳ್ಳುವವನ ಪಾಲಿಗೆ ಇದರ ಅರ್ಥವೇನೆಂದು ಅರ್ಥಶಾಸ್ತ್ರದ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಅಂಬೇಡ್ಕರ್ 1923ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ರೂಪಾಯಿಯ ಸಮಸ್ಯೆ.

ಈಗ ನಮ್ಮ ಕಾಲಕ್ಕೆ ಬರೋಣ. ಇಂದು ಲಂಡನ್ನಿನಲ್ಲಿ ಓದಲು ಹೋಗುವ ನಮ್ಮ ದೇಶದ ವಿದ್ಯಾರ್ಥಿಯು ವೀಸಾ ಪಡೆಯುವ ಮೊದಲೇ ತನ್ನ ಜೀವನವೆಚ್ಚವನ್ನು ತೋರಿಸಬೇಕು. 2025ರ ಜನವರಿ 2ರಿಂದ ಜಾರಿಗೆ ಬಂದ ದರದಂತೆ ಅದು ತಿಂಗಳಿಗೆ 1,483 ಪೌಂಡ್, ಒಂಬತ್ತು ತಿಂಗಳವರೆಗೆ. ಅನಂತರ ಅದು ಇನ್ನೂ ಏರಿದೆ. ಗುಣಿಸಿದರೆ 13,347 ಪೌಂಡ್. ಪೌಂಡಿಗೆ ನೂರು ರೂಪಾಯಿ ಹಿಡಿದರೂ ಹದಿಮೂರು ಲಕ್ಷ ದಾಟಿತು. ಪೌಂಡಿನ ಬೆಲೆ ನೂರಕ್ಕಿಂತ ಹೆಚ್ಚೇ ಇದೆ. ವಿಶ್ವವಿದ್ಯಾಲಯದ ಶುಲ್ಕ ಇದರ ಹೊರಗೆ. ಸ್ವಂತ ಹಣವಾದರೆ ಅದು ಖಾತೆಯಲ್ಲಿ ಸತತವಾಗಿ 28 ದಿನ ಅಲುಗದೆ ಕುಳಿತಿರಬೇಕು. ಬ್ಯಾಂಕಿನ ವಿದ್ಯಾಸಾಲವನ್ನೂ ಒಪ್ಪುತ್ತಾರೆ, ಆದರೆ ದೊಡ್ಡ ಸಾಲಕ್ಕೆ ಬ್ಯಾಂಕು ಆಧಾರ ಕೇಳುತ್ತದೆ. ನಮ್ಮ ತಂದೆ ಕೂಲಿಮಗ್ಗದ ನೇಕಾರರು. ನಮ್ಮ ಮನೆಯಲ್ಲಿ 28 ದಿನ ಅಲುಗದೆ ಕುಳಿತ ಹಣವನ್ನು ಯಾರೂ ನೋಡಿಲ್ಲ.

ಹೀಗಾಗಿ, ಗಂಜಿ ಕುಡಿದು ಓದುತ್ತೇನೆಂಬ ಪ್ರತಿಜ್ಞೆಯನ್ನು ವೀಸಾ ಕಛೇರಿಯವರು ಒಪ್ಪುವಂತಿಲ್ಲ. ಮೂರನೆಯ ದರ್ಜೆಯ ಡಬ್ಬಿಯನ್ನೇ ಬಂಡಿಯಿಂದ ಕಳಚಿದ್ದಾರೆ. ವ್ಯಾಸಂಗದ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಲು ಪದವಿ ಓದುವವರಿಗೆ ಅನುಮತಿಯಿದೆ. ಅದರಿಂದ ಬರುವುದನ್ನು ಮೊದಲೇ ಜಮೆಯಲ್ಲಿ ಬರೆದುಕೊಳ್ಳುವುದು ಮಳೆ ಬರುವುದಕ್ಕೆ ಮುಂಚೆ ರಾಗಿ ಅಳೆದಂತೆ.

ಈ ಕಾರಣದಿಂದ ನಮ್ಮಲ್ಲಿ ಮೊದಲ ತಲೆಮಾರಿನಲ್ಲಿ ಪದವಿ ಕಾಣುವವರು ಬಜೆಟ್ಟನ್ನು ಬೇರೆ ರೀತಿ ಬರೆಯಬೇಕೆಂದು ನನ್ನ ಅಭಿಪ್ರಾಯ. ಮೊದಲ ಕಲಮು ಹಿಂದಿರುಗುವ ಪ್ರಯಾಣದ ಹಣ. ಅದನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಎರಡನೆಯದು ಕಾಯಿಲೆಗೆ. ಮೂರನೆಯದು ಮನೆಗೆ, ಮಗ ಅಥವಾ ಮಗಳು ದುಡಿಯುವ ವಯಸ್ಸಿನಲ್ಲಿ ದುಡಿಯದೆ ಓದುವ ಒಂದೆರಡು ವರ್ಷ ಆ ಸಂಸಾರ ಕಳೆದುಕೊಳ್ಳುವ ಕೂಲಿಯೂ ಪ್ರವಾಸದ ಖರ್ಚೇ. ಇವಿಷ್ಟೂ ತುಂಬಿದ ಮೇಲೆ ಉಳಿದದ್ದರಲ್ಲಿ ಸುಖದ ಮಾತು. ಅಲ್ಲಿ ನಿಸ್ಸಂಕೋಚವಾಗಿ ಕತ್ತರಿಸಬಹುದು. ನಡೆಯಬಹುದು, ಬೇಯಿಸಿಕೊಳ್ಳಬಹುದು, ಕೋಣೆ ಹಂಚಿಕೊಳ್ಳಬಹುದು. ಆದರೆ ಬೆಚ್ಚಗಿನ ಅಂಗಿಯಲ್ಲಿ, ಪುಸ್ತಕದಲ್ಲಿ, ಓದುವುದಕ್ಕೆ ಬೇಕಾದ ನಿದ್ದೆಯಲ್ಲಿ ಕತ್ತರಿಸಿದರೆ ಹೋದದ್ದೇ ವ್ಯರ್ಥ. ಶ್ರೀಮಂತರ ಮಕ್ಕಳು ಬೆನ್ನಿಗೊಂದು ಚೀಲ ಹಾಕಿಕೊಂಡು ಅಗ್ಗದಲ್ಲಿ ದೇಶ ತಿರುಗಿ ಬಂದುದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅವರ ಮೊದಲ ಮೂರು ಕಲಮುಗಳನ್ನು ಮನೆಯವರು ತುಂಬಿರುತ್ತಾರೆ. ಅದಕ್ಕೇ ಆ ಪ್ರವಾಸ ಅಗ್ಗವಾಗಿ ಕಾಣುತ್ತದೆ.

ಹಾಗಾದರೆ ನಾವು ಹೋಗುವುದೇ ಬೇಡವೆ? ಖಂಡಿತ ಹೋಗಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ನಮ್ಮ ರಾಜ್ಯದಲ್ಲಿ ‘ಪ್ರಬುದ್ಧ’ ಎಂಬ ಯೋಜನೆ ಬಂದಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ನಮ್ಮ ತರಗತಿಯಲ್ಲಿ ವಿಚಾರಿಸಿದರೆ ಎರಡರ ಹೆಸರನ್ನೂ ಕೇಳಿದವರು ನಾಲ್ಕು ಮಂದಿ. ಕೇಳದವರು ದಡ್ಡರಲ್ಲ, ಅವರಿಗೆ ಹೇಳುವ ಅಣ್ಣನೋ ಅಕ್ಕನೋ ಮನೆಯಲ್ಲಿಲ್ಲ. ಆ ಅಣ್ಣನ ಸ್ಥಾನವನ್ನು ಕಾಲೇಜು ವಹಿಸಬಾರದೇಕೆ? ಅರ್ಥಶಾಸ್ತ್ರದ ಅಧ್ಯಾಪಕರು ಆಂತರಿಕ ಅಂಕಗಳಿಗಾಗಿ ಕೊಡುವ ಮನೆಗೆಲಸದಲ್ಲಿ ಒಂದನ್ನು, ಯಾವುದಾದರೊಂದು ಪರದೇಶದ ಊರಿನಲ್ಲಿ ಒಂದು ವರ್ಷದ ಖರ್ಚನ್ನು ಕಟ್ಟುವುದಕ್ಕೆ ಮೀಸಲಿಡಬಹುದು. ಸೂಚನಾಫಲಕದಲ್ಲಿ ಅರ್ಜಿಯ ಕೊನೆಯ ದಿನಾಂಕಗಳಿಗೆ ಒಂದು ಮೂಲೆ ಕೊಡಬಹುದು. ವಿದ್ಯಾರ್ಥಿ ಸಂಘದವರು ವಾರ್ಷಿಕೋತ್ಸವದ ಶಾಮಿಯಾನದಲ್ಲಿ ಒಂದಂಕಣ ಕಡಿಮೆ ಮಾಡಿದರೆ ವರ್ಷಕ್ಕೆ ಐದಾರು ಮಂದಿಯ ಪಾಸ್‌ಪೋರ್ಟಿನ ಶುಲ್ಕ ಹೊರಡುತ್ತದೆ. ಅದು ತಲೆಗೆ 1,500 ರೂಪಾಯಿ. ಮುಂದಿನ ವರ್ಷದ ಸಂಘದ ಮೊದಲ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ಎರಡನೆಯ ವರ್ಷದ ಗೆಳೆಯರಿಗೆ ಹೇಳಿದ್ದೇನೆ. ಅಷ್ಟು ಹೊತ್ತಿಗೆ ನಾವು ಕಾಲೇಜು ಬಿಟ್ಟಿರುತ್ತೇವೆ.