ಬಿಲ್ಲಿಗೆ ಸಾಕ್ಷಿ ಯಾರು?

ಬಡಿತ ಹದತಪ್ಪಿದ ಹೃದಯಕ್ಕೆ ಆಸರೆಯಾಗಿ ಎದೆಯ ಚರ್ಮದಡಿ ಕೂರಿಸುವ ಪೇಸ್‌ಮೇಕರ್ ಈಗ ಬಡಿತವನ್ನು ಸರಿಪಡಿಸಿ ಸುಮ್ಮನಾಗುವುದಿಲ್ಲ. ತಾನು ಕಂಡದ್ದನ್ನು ವರದಿ ಮಾಡುತ್ತದೆ. ರೋಗಿ ಮಲಗಿರುವಾಗ ಹಾಸಿಗೆಯ ಪಕ್ಕದ ಪುಟ್ಟ ಪೆಟ್ಟಿಗೆಯೋ ಅವರದೇ ಮೊಬೈಲೋ ಆ ವರದಿಯನ್ನು ಆಸ್ಪತ್ರೆಗೆ ತಲುಪಿಸುತ್ತದೆ. ಮನೆಯಲ್ಲೇ ನೋಡಿಕೊಂಡ ರಕ್ತದೊತ್ತಡ, ತೂಕ, ಸಕ್ಕರೆಯ ಅಂಕಿಗಳೂ ಹೀಗೆಯೇ ವೈದ್ಯರನ್ನು ಮುಟ್ಟುತ್ತವೆ. ಅಮೆರಿಕದಲ್ಲಿ ಈ ದೂರನಿಗಾ ಸೇವೆಗೆ ಬಿಲ್ ಬರೆಯುವ ಕೆಲಸ ಸಾಫ್ಟ್‌ವೇರಿನ ಕೈಗೆ ಹೋಗುತ್ತಿದೆ. ಇದು ಲೆಕ್ಕಪತ್ರ ವಿಭಾಗದವರ ತಲೆನೋವು ಎಂದು ಉಳಿದವರು ಬಿಟ್ಟುಬಿಡುವಂತಿಲ್ಲ. ವಿಮೆಗೆ ಹೋಗುವ ಪ್ರತಿ ಬಿಲ್ಲೂ ಒಂದು ಸಾಕ್ಷ್ಯ: ಈ ರೋಗಿಯನ್ನು ಇಷ್ಟು ದಿನ ನಾವು ನೋಡಿಕೊಂಡೆವು ಎಂದು ಆಸ್ಪತ್ರೆ ತನ್ನ ಹೆಸರಿನಲ್ಲಿ ನುಡಿಯುವ ಮಾತು. ಆ ಸಾಕ್ಷ್ಯದಲ್ಲಿ ಎಷ್ಟನ್ನು ಯಂತ್ರ ನುಡಿಯಬಹುದು, ಎಷ್ಟನ್ನು ಮನುಷ್ಯರೇ ನುಡಿಯಬೇಕು ಎಂಬುದು ಇಲ್ಲಿನ ಪ್ರಶ್ನೆ.

ದೂರನಿಗಾ ನಿಜಕ್ಕೂ ಬೇಕೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಬಯೋಟ್ರಾನಿಕ್ ಕಂಪನಿಯ ಹೋಮ್ ಮಾನಿಟರಿಂಗ್ ವ್ಯವಸ್ಥೆಗೆ ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕಿದ್ದು 2001ರಲ್ಲಿ. 2010ರಲ್ಲಿ ಪ್ರಕಟವಾದ ಟ್ರಸ್ಟ್ ಅಧ್ಯಯನದಲ್ಲಿ ರೋಗಿಗಳು ಆಸ್ಪತ್ರೆಗೆ ಬಂದುಹೋಗುವುದು ಅರ್ಧಕ್ಕೆ ಹತ್ತಿರದಷ್ಟು ತಗ್ಗಿತು, ಅವರ ಸುರಕ್ಷತೆಗೆ ಮಾತ್ರ ಕುಂದು ಬರಲಿಲ್ಲ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇನ್-ಟೈಮ್ ಅಧ್ಯಯನ ಇನ್ನೂ ದೊಡ್ಡ ಮಾತು ಹೇಳಿತು. ಹೃದಯ ವೈಫಲ್ಯವಿದ್ದ 664 ರೋಗಿಗಳಲ್ಲಿ, ದೂರನಿಗಾ ಪಡೆದ 333 ಮಂದಿಯ ಪೈಕಿ ಒಂದು ವರ್ಷದಲ್ಲಿ 10 ಜನ ತೀರಿಕೊಂಡರು; ನಿಗಾ ಇಲ್ಲದ 331 ಮಂದಿಯಲ್ಲಿ 27 ಜನ. ಮರುವರ್ಷವೇ ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ ಇಂಥ ಸಾಧನವಿರುವವರಿಗೆ ದೂರನಿಗಾ ಸಿಗಬೇಕೆಂದು ತನ್ನ ಅತ್ಯುನ್ನತ ದರ್ಜೆಯ ಶಿಫಾರಸು ಮಾಡಿತು.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ರೆಮ್-ಎಚ್‌ಎಫ್ ಅಧ್ಯಯನದಲ್ಲಿ 1,650 ರೋಗಿಗಳಿದ್ದರು. ಅಲ್ಲಿ ವಾರಕ್ಕೊಮ್ಮೆ ಮಾಹಿತಿ ತರಿಸಿಕೊಂಡು ನೋಡಿದರೂ ಸಾವಾಗಲಿ, ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಇನ್-ಟೈಮ್‌ನಲ್ಲಿ ಮಾಹಿತಿ ದಿನವೂ ಬರುತ್ತಿತ್ತು, ಅದರ ಮೇಲೆ ಕಣ್ಣಿಡಲೆಂದೇ ಒಂದು ಕೇಂದ್ರ ತಂಡವಿತ್ತು, ಅನುಮಾನ ಬಂದಾಗ ರೋಗಿಗೆ ಫೋನ್ ಹೋಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವ ಪಾಠ ಇದು: ಮಾಹಿತಿ ಹರಿದು ಬಂದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. ಅದನ್ನು ಯಾರು, ಎಷ್ಟು ಬೇಗ ನೋಡಿ ಏನು ಮಾಡಿದರು ಎಂಬುದರಲ್ಲಿ ಚಿಕಿತ್ಸೆ ಇದೆ. ಬಿಲ್ಲಿನ ಚರ್ಚೆಗೂ ಇದೇ ತಳಹದಿ.

ಇನ್ನು ಲೆಕ್ಕದ ಕಷ್ಟ. ಪೇಸ್‌ಮೇಕರ್‌ಗೂ, ಪ್ರಾಣಾಪಾಯದ ಬಡಿತ ಬಂದಾಗ ಶಾಕ್ ಕೊಟ್ಟು ಉಳಿಸುವ ಐಸಿಡಿಗೂ ದೂರದಿಂದ ಮಾಡುವ ತಪಾಸಣೆಗೆ 90 ದಿನಕ್ಕೊಮ್ಮೆ ಬಿಲ್ ಮಾಡಬಹುದು. ಬಡಿತದ ಜಾಡು ಹಿಡಿಯಲು ಕೂರಿಸುವ ಲೂಪ್ ರೆಕಾರ್ಡರ್‌ಗೆ 30 ದಿನಕ್ಕೊಮ್ಮೆ. ಒಬ್ಬೊಬ್ಬ ರೋಗಿಯ ಗಡುವು ಒಂದೊಂದು ದಿನ ಶುರುವಾಗಿರುತ್ತದೆ. ಅದು ತುಂಬುವ ಮೊದಲೇ ಇನ್ನೊಂದು ಬಿಲ್ ಕಳಿಸಿದರೆ ತಿರಸ್ಕಾರ, ಮರೆತರೆ ನಷ್ಟ. ಮೆಡ್‌ಟ್ರಾನಿಕ್, ಅಬಾಟ್, ಬೋಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್ ಕಂಪನಿಗಳು ತಂತಮ್ಮ ಪ್ರತ್ಯೇಕ ಪೋರ್ಟಲ್ ಇಟ್ಟಿವೆ. ನರ್ಸ್ ಅಥವಾ ಟೆಕ್ನೀಷಿಯನ್ ಒಂದೊಂದಕ್ಕೂ ಲಾಗಿನ್ ಆಗಿ, ವರದಿ ಇಳಿಸಿಕೊಂಡು, ಆಸ್ಪತ್ರೆಯ ದಾಖಲೆಗೆ ಸೇರಿಸಿ, ಕೋಡ್ ಹಾಕಬೇಕು. ಮನೆಯ ಉಪಕರಣಗಳದ್ದು ಬೇರೆಯೇ ನಿಯಮ. ಉಪಕರಣದ ಬಾಬ್ತಿಗೆ 99454 ಎಂಬ ಕೋಡ್ ಹಾಕಬೇಕಾದರೆ 30 ದಿನಗಳಲ್ಲಿ ಕನಿಷ್ಠ 16 ದಿನ ಅಂಕಿ ಬಂದಿರಬೇಕು. ಚಿಕಿತ್ಸೆಯ ನಿರ್ವಹಣೆಗೆ 99457 ಹಾಕಬೇಕಾದರೆ ಕ್ಯಾಲೆಂಡರ್ ತಿಂಗಳೊಂದರಲ್ಲಿ ಕನಿಷ್ಠ 20 ನಿಮಿಷ ಆ ರೋಗಿಗಾಗಿ ವ್ಯಯವಾಗಿರಬೇಕು, ಆತನೊಡನೆ ನೇರ ಸಂವಾದವೂ ಆಗಿರಬೇಕು.

ಸಾವಿರ ರೋಗಿಗಳಿಗೆ ಕನಿಷ್ಠ ಮೂವರು ಪೂರ್ಣಾವಧಿ ಸಿಬ್ಬಂದಿ ಬೇಕೆಂದು 2023ರಲ್ಲಿ ಹೃದಯ ಬಡಿತ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಒಮ್ಮತದಿಂದ ಹೇಳಿದವು. ಆ ಮೂವರ ದಿನದ ಒಂದು ಪಾಲು ತಾರೀಖು ಎಣಿಸುವುದರಲ್ಲೇ ಸೋರಿಹೋದರೆ ನಷ್ಟ ಯಾರಿಗೆ? ಇಸಿಜಿಯ ಗೆರೆಯಲ್ಲಿ ಅಪಾಯ ಗುರುತಿಸಬಲ್ಲ ಕಣ್ಣನ್ನು ಎಕ್ಸೆಲ್ ಹಾಳೆಗೆ ಕಟ್ಟಿಹಾಕುವುದು ವೈದ್ಯಕೀಯ ಶ್ರಮದ ದುಂದು. ಆದ್ದರಿಂದ ಪೋರ್ಟಲ್‌ಗಳಿಂದ ವರದಿ ತರುವುದು, ಗಡುವು ಕಾಯುವುದು, ದಿನ ಎಣಿಸುವುದು, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡುವುದು, ಒಂದೇ ಅವಧಿಗೆ ಎರಡು ಬಿಲ್ ಹೋಗದಂತೆ ತಡೆಯುವುದು, ಇಷ್ಟನ್ನೂ ಯಂತ್ರಕ್ಕೆ ಒಪ್ಪಿಸಬೇಕೆಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ದೊಡ್ಡ ಆಸ್ಪತ್ರೆಗಳು ಬಿಲ್ಲಿಂಗಿಗೆಂದೇ ಜನರನ್ನು ಇಟ್ಟುಕೊಳ್ಳಬಲ್ಲವು. ಊರಾಚೆಯ ಪುಟ್ಟ ಕ್ಲಿನಿಕ್ಕಿಗೆ ಆ ಅನುಕೂಲವಿಲ್ಲ; ಲೆಕ್ಕ ತಪ್ಪಿ ದುಡ್ಡು ಬಾರದಿದ್ದರೆ ಅದು ಸೇವೆಯನ್ನೇ ನಿಲ್ಲಿಸುತ್ತದೆ. ದೂರನಿಗಾ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅಂಥ ಕಡೆಯ ರೋಗಿಗಳಿಗೇ.

ಹಾಗಾದರೆ ತಕರಾರು ಎಲ್ಲಿ? ದಿನ ಎಣಿಸುವುದು ಗಣಿತ. 20 ನಿಮಿಷ ನೋಡಿಕೊಂಡೆ ಎನ್ನುವುದು ಸಾಕ್ಷ್ಯ. ತೆರೆಯ ಮೇಲೆ ರೋಗಿಯ ಕಡತ ಎಷ್ಟು ಹೊತ್ತು ತೆರೆದಿತ್ತು ಎಂದು ಸಾಫ್ಟ್‌ವೇರ್ ಸೆಕೆಂಡಿನ ಲೆಕ್ಕದಲ್ಲಿ ಹೇಳಬಲ್ಲದು. ಅಷ್ಟು ಹೊತ್ತೂ ಅದರ ಮುಂದೆ ಕೂತವರ ಗಮನ ಅಲ್ಲಿತ್ತೇ ಎಂದು ಹೇಳಲಾರದು. ಮೇಷ್ಟ್ರು ಹಾಜರಿ ಕರೆದ ಮಾತ್ರಕ್ಕೆ ಪಾಠ ನಡೆಯಿತೆಂದು ಯಾರೂ ಒಪ್ಪುವುದಿಲ್ಲ. ವರದಿಯ ಕರಡನ್ನು ಯಂತ್ರವೇ ಬರೆದಿಟ್ಟು, ವೈದ್ಯರು ಒಂದೇ ಕ್ಲಿಕ್ಕಿನಲ್ಲಿ ಹತ್ತಾರು ವರದಿಗೆ ಸಹಿ ಹಾಕುವಂತಾದರೆ, ಕಾಗದದ ಮೇಲೆ ಎಲ್ಲವೂ ನಿಯಮಬದ್ಧ. ರೋಗಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಈ ಆತಂಕಕ್ಕೆ ಆಧಾರವಿದೆ. ವೃದ್ಧರಿಗೂ ಅಂಗವಿಕಲರಿಗೂ ಇರುವ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಮನೆಯ ಉಪಕರಣಗಳ ನಿಗಾಕ್ಕೆ ಈ ಕೋಡ್‌ಗಳಡಿ ಹಣ ಕೊಡಲಾರಂಭಿಸಿದ್ದು 2019ರಲ್ಲಿ. ಆ ವರ್ಷ ಸುಮಾರು 1.5 ಕೋಟಿ ಡಾಲರ್ ಇದ್ದ ಪಾವತಿ 2022ಕ್ಕೆ 30 ಕೋಟಿ ಡಾಲರ್ ದಾಟಿತು. ಅಲ್ಲಿನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯ ಪ್ರಕಾರ, ಸೇವೆಗೆ ಮೂರು ಅಂಗಗಳಿವೆ: ಉಪಕರಣ ಬಳಸುವುದನ್ನು ಹೇಳಿಕೊಡುವುದು, ಉಪಕರಣ ಒದಗಿಸುವುದು, ಬಂದ ಅಂಕಿಗಳ ಆಧಾರದ ಮೇಲೆ ಚಿಕಿತ್ಸೆ ನಡೆಸುವುದು. ಸೇವೆ ಪಡೆದವರಲ್ಲಿ ಸುಮಾರು ಶೇ. 43ರಷ್ಟು ಜನರಿಗೆ ಈ ಮೂರರಲ್ಲಿ ಕನಿಷ್ಠ ಒಂದು ಸಿಕ್ಕಿರಲಿಲ್ಲ. ಇದನ್ನೆಲ್ಲ ವಂಚನೆ ಎನ್ನುವುದು ತಪ್ಪಾಗುತ್ತದೆ. ವರದಿಯೂ ಹಾಗೆ ಹೇಳಿಲ್ಲ. ಆದರೆ ಅಂಕಿ ಬಂತು, ಅದರ ಮೇಲೆ ಚಿಕಿತ್ಸೆ ನಡೆಯಲಿಲ್ಲ ಎಂದಾದರೆ ಸರ್ಕಾರ ಹಣ ಕೊಟ್ಟದ್ದು ಯಾತಕ್ಕೆ ಎಂದು ಕೇಳಲೇಬೇಕು. ಸ್ವಯಂಚಾಲಿತ ಬಿಲ್ಲಿಂಗ್ ಒಳ್ಳೆಯ ಪದ್ಧತಿಯ ವೇಗ ಹೆಚ್ಚಿಸುವಷ್ಟೇ ಸಲೀಸಾಗಿ ಈ ಕೊರತೆಯ ವೇಗವನ್ನೂ ಹೆಚ್ಚಿಸುತ್ತದೆ.

16 ದಿನದ ನಿಯಮವನ್ನೇ ನೋಡಿ. 15 ದಿನ ತಪ್ಪದೆ ರಕ್ತದೊತ್ತಡ ನೋಡಿಕೊಂಡ ರೋಗಿಯ ಉಪಕರಣದ ಬಾಬ್ತಿಗೆ ಕ್ಲಿನಿಕ್ಕಿಗೆ ಏನೂ ಸಿಗುತ್ತಿರಲಿಲ್ಲ; ಒಂದು ದಿನ ಹೆಚ್ಚಾದರೆ ಪೂರ್ತಿ ಹಣ. ಇಂಥ ಗೆರೆ ಎಳೆದಾಗ ಸಾಫ್ಟ್‌ವೇರ್ ಬರೆಯುವವರ ಕಣ್ಣು ಆ ಗೆರೆಯ ಮೇಲೆಯೇ ನೆಡುತ್ತದೆ. ‘ಇಂದು ಬಿಪಿ ನೋಡಿಕೊಳ್ಳಿ’ ಎಂಬ ಸಂದೇಶ ರೋಗಿಗೆ ಹೋಗುತ್ತದೆ. ಅದು ಅವರ ಆರೋಗ್ಯಕ್ಕೋ ಬಿಲ್ಲಿಗೋ? ಪರೀಕ್ಷೆ ಸುಲಭ. 16 ದಿನ ತುಂಬಿದ ಮೇಲೂ ಆ ಸಂದೇಶ ಹೋಗುತ್ತದೆಯೇ ನೋಡಬೇಕು. ಹೋದರೆ ಅದು ಕಾಳಜಿ. ನಿಂತರೆ ಅದು ವಸೂಲಿ. ಹೃದಯ ವೈಫಲ್ಯದ ರೋಗಿಯ ಮೈಯಲ್ಲಿ ನೀರು ತುಂಬಿ ಎರಡೇ ದಿನದಲ್ಲಿ ತೂಕ ಏರಬಹುದು. ನೆನಪಿಸುವ ಹೊತ್ತನ್ನು ಆ ರೋಗ ಗೊತ್ತುಮಾಡಬೇಕೇ ಹೊರತು ತಿಂಗಳ ಲೆಕ್ಕವಲ್ಲ. 2026ರಿಂದ 2ರಿಂದ 15 ದಿನಗಳ ಅಂಕಿಗೂ, 10 ನಿಮಿಷಗಳ ನಿರ್ವಹಣೆಗೂ ಪ್ರತ್ಯೇಕ ಕೋಡ್ ಬಂದಿದೆ. ಇದರಿಂದ ಹಳೆಯ ಅನ್ಯಾಯ ಕಡಿಮೆಯಾಯಿತು, ಒಪ್ಪುತ್ತೇನೆ. ಆದರೆ ಗೆರೆ ಅಳಿಯಲಿಲ್ಲ, ಜಾಗ ಬದಲಿಸಿತು.

ರೋಗಿಯ ಜೇಬನ್ನೂ ಮರೆಯುವಂತಿಲ್ಲ. ಮೆಡಿಕೇರ್ ಪದ್ಧತಿಯಲ್ಲಿ ಇಂಥ ಸೇವೆಯ ಶೇ. 20ರಷ್ಟು ಸಾಮಾನ್ಯವಾಗಿ ರೋಗಿಯ ಪಾಲಿಗೆ ಬರುತ್ತದೆ. ಪೂರಕ ವಿಮೆ ಇಲ್ಲದವರು ಅದನ್ನು ಕೈಯಿಂದ ಕಟ್ಟಬೇಕು. ವೈದ್ಯರನ್ನು ಕಂಡಿಲ್ಲ, ಆಸ್ಪತ್ರೆಗೆ ಹೋಗಿಲ್ಲ, ಮೂರು ತಿಂಗಳಿಗೊಮ್ಮೆ ಬಿಲ್ ಮಾತ್ರ ಬರುತ್ತದೆ. ಯಾತಕ್ಕೆ ಎಂದು ಯಾರೂ ಹೇಳದಿದ್ದರೆ ಆ ಮುದುಕರು ಪೆಟ್ಟಿಗೆಯ ಪ್ಲಗ್ ಕಿತ್ತುಬಿಟ್ಟಾರು, ಅದರೊಂದಿಗೆ ಜೀವ ಕಾಯುವ ದಾರಿಯೂ ಕಡಿದುಹೋದೀತು. ಬಿಲ್ ಮಾಡಲು ಯಂತ್ರಕ್ಕೆ ಅಷ್ಟೆಲ್ಲ ಮಾಹಿತಿ ಗೊತ್ತಿರುವಾಗ, ‘ಈ ಮೂರು ತಿಂಗಳಲ್ಲಿ ನಿಮ್ಮ ಸಾಧನದ ಬ್ಯಾಟರಿ ಹೀಗಿತ್ತು, ಬಡಿತದಲ್ಲಿ ಇದನ್ನು ಕಂಡೆವು, ಇಂಥವರು ನೋಡಿದರು’ ಎಂದು ರೋಗಿಗೆ ತಿಳಿಯುವ ಭಾಷೆಯಲ್ಲಿ ಒಂದು ಪುಟ ಕಳಿಸುವುದು ಕಷ್ಟವಲ್ಲ. ವಿಮಾ ಕಂಪನಿಗೆ ಕೊಡುವ ಲೆಕ್ಕವನ್ನು ರೋಗಿಗೂ ಕೊಡಬೇಕಾದದ್ದು ನ್ಯಾಯ.

ತಪ್ಪು ಬಿಲ್ ತಡೆಯಲು ಕಾನೂನು ಇದೆಯಲ್ಲ ಎಂದು ಕೇಳಬಹುದು. ಇದೆ. 1863ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಒದಗಿಸಿದ ಗುತ್ತಿಗೆದಾರರನ್ನು ಹಿಡಿಯಲು ತಂದ ಫಾಲ್ಸ್ ಕ್ಲೈಮ್ಸ್ ಆ್ಯಕ್ಟ್ ಇಂದು ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ನಷ್ಟದ ಮೂರು ಪಟ್ಟು ಕಟ್ಟಬೇಕಾಗುತ್ತದೆ. ಗೊತ್ತಿದ್ದೂ ಮಾಡಿದ್ದನ್ನಷ್ಟೇ ಅಲ್ಲದೆ ಗೊತ್ತುಮಾಡಿಕೊಳ್ಳದೆ ಕಣ್ಣುಮುಚ್ಚಿ ಮಾಡಿದ್ದನ್ನೂ ಅದು ಹಿಡಿಯುತ್ತದೆ. ಹಾಗಾಗಿ ಸಾಫ್ಟ್‌ವೇರ್ ಮಾಡಿತು ಎಂದು ಕೈತೊಳೆದುಕೊಳ್ಳುವಂತಿಲ್ಲ. ಆದರೆ ಕಾನೂನು ಬರುವುದು ತಪ್ಪು ನಡೆದ ಮೇಲೆ, ವರ್ಷಗಳ ನಂತರ. ತಪ್ಪಿಗೆ ಎಡೆ ಇಲ್ಲದಂತೆ ವ್ಯವಸ್ಥೆಯನ್ನು ಮೊದಲೇ ಕಟ್ಟುವುದು ಹೆಚ್ಚು ಮುಖ್ಯ. ಬಿಲ್ಲಿನ ಒಂದೊಂದು ಸಾಲೂ ಯಾವ ದಿನದ ಯಾವ ದಾಖಲೆಯಿಂದ ಹುಟ್ಟಿತೆಂದು ಬೆರಳಿಟ್ಟು ತೋರಿಸುವಂತಿರಬೇಕು. ಸಾಫ್ಟ್‌ವೇರ್ ಕಂಪನಿಯ ಶುಲ್ಕ ಬಿಲ್ಲಿನ ಮೊತ್ತದ ಶೇಕಡಾವಾರು ಆಗಿರಬಾರದು. ಅಂಥ ಒಪ್ಪಂದಗಳು ಹೆಚ್ಚು ಬಿಲ್ಲಿಗೆ ಆಸೆ ಹುಟ್ಟಿಸುತ್ತವೆ ಎಂಬ ಕಳವಳವನ್ನು ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 1998ರಲ್ಲೇ ದಾಖಲಿಸಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಬಿಲ್ ಹುಟ್ಟಿಸುವಷ್ಟೇ ಸಲೀಸಾಗಿ ಬಿಲ್ ತಡೆಯಬೇಕು. ಎಷ್ಟು ಬಿಲ್ ಕಳಿಸಿತು ಎನ್ನುವುದರ ಜೊತೆಗೆ, ಸೇವೆ ಪೂರ್ತಿಯಾಗಿಲ್ಲವೆಂದು ಎಷ್ಟನ್ನು ನಿಲ್ಲಿಸಿತು ಎಂಬ ಲೆಕ್ಕವನ್ನೂ ಆಸ್ಪತ್ರೆ ಕೇಳಬೇಕು.

ಇದು ಕನ್ನಡನಾಡಿಗೆ ದೂರದ ವಿಷಯವಲ್ಲ. ಅಮೆರಿಕದ ಆಸ್ಪತ್ರೆಗಳ ಕೋಡಿಂಗ್, ಬಿಲ್ಲಿಂಗ್ ಕೆಲಸ ಮಾಡುವ ಸಾಕಷ್ಟು ಮಂದಿ ಬೆಂಗಳೂರಿನಲ್ಲಿದ್ದಾರೆ. ಎಣಿಕೆ ಯಂತ್ರದ ಪಾಲಾದಾಗ ಅವರ ಕೆಲಸಕ್ಕೆ ಪೆಟ್ಟು ಬೀಳುವುದು ನಿಜ. ಆದರೆ ದಾಖಲೆಗೂ ಬಿಲ್ಲಿಗೂ ತಾಳೆಯಿದೆಯೇ ಎಂದು ಪರಿಶೀಲಿಸುವ ಕಣ್ಣು ಹಿಂದೆಂದಿಗಿಂತ ಈಗ ಬೇಕು. ಆ ಕೆಲಸಕ್ಕೆ ಅವರನ್ನು ಅಣಿಗೊಳಿಸುವುದು ಕಂಪನಿಗಳ ಹೊಣೆ. ನಮ್ಮ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇಲ್ಲಿ ರೋಗಿಯ ಕೈಗೆ ಬಿಲ್ ಬರುವುದಿಲ್ಲ, ಆದರೂ ಪ್ರಶ್ನೆ ಅದೇ. ಎಷ್ಟು ಇಸಿಜಿ ತೆಗೆದೆವು ಎಂದು ಎಣಿಸಿ ತೃಪ್ತಿಪಡುತ್ತೇವೆಯೋ, ಎಷ್ಟು ಜನರಿಗೆ ಹೊತ್ತಿಗೆ ಸರಿಯಾಗಿ ಮದ್ದು ಸಿಕ್ಕಿತೆಂದು ಕೇಳುತ್ತೇವೆಯೋ?

ನನ್ನ ನಿಲುವು ಇಷ್ಟು. ತಾರೀಖು, ದಿನ, ದಾಖಲೆ ಯಂತ್ರಕ್ಕಿರಲಿ. ನೋಡಿದೆ, ಯೋಚಿಸಿದೆ, ಮಾತಾಡಿದೆ ಎಂಬ ಸಾಕ್ಷ್ಯ ಹೆಸರಿರುವ ಮನುಷ್ಯರದ್ದಾಗಿರಲಿ. ಎಣಿಕೆಯಿಂದ ಉಳಿದ ಹೊತ್ತು ರೋಗಿಗೆ ಹೋಗುವ ಫೋನಾಗಿ ಬದಲಾದರೆ ಸ್ವಯಂಚಾಲಿತ ಬಿಲ್ಲಿಂಗ್ ತನ್ನ ಖರ್ಚಿಗೆ ತಕ್ಕ ಕೆಲಸ ಮಾಡಿತೆನ್ನಬಹುದು. ಆ ಹೊತ್ತನ್ನು ಇನ್ನಷ್ಟು ರೋಗಿಗಳನ್ನು ಪಟ್ಟಿಗೆ ಸೇರಿಸಿ ಇನ್ನಷ್ಟು ಬಿಲ್ ಹುಟ್ಟಿಸುವುದಕ್ಕೇ ಬಳಸಿದರೆ, ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಅಂಥ ವ್ಯವಸ್ಥೆಯನ್ನು ಆಸ್ಪತ್ರೆಗಳು ಕೊಳ್ಳಬಾರದು, ವಿಮೆ ನೀಡುವವರು ಅದಕ್ಕೆ ಹಣ ಕೊಡಬಾರದು.