ಬಿಳಿ ಕೋಟು ತೊಟ್ಟರೆ ಸಾಲದು

ಸರ್ಕಾರಿ ಇಂಜಿನಿಯರಾಗಿ ನಾನು ಕಲಿತ ಮೊದಲ ಪಾಠ, ಕಾಂಕ್ರೀಟ್ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ ಎಂಬುದು. ದಿನವೂ ನೀರುಣಿಸಬೇಕು, 28ನೇ ದಿನ ಬಲ ಪರೀಕ್ಷಿಸಬೇಕು. ನೀರುಣಿಸದ ಕಂಬವೂ ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ವೈದ್ಯರನ್ನು ರೂಪಿಸುವ ಕೆಲಸವೂ ಹೀಗೆಯೇ.

ನನ್ನ ತಂಗಿಯ ಮಗಳು ಹೌಸ್ ಸರ್ಜನ್ ಆಗಿದ್ದಾಗ ಒಂದು ಸಂಜೆ ಬಂದು, "ಮಾವ, ಇವತ್ತು ಒಬ್ಬ ಅಜ್ಜಿಯನ್ನು ಹನ್ನೆರಡನೇ ಬೆಡ್ ಅಂದುಬಿಟ್ಟೆ. ಅವರಿಗೆ ಕೇಳಿಸಿತು. ಮೊದಲು ನಾನು ಹೀಗಿರಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಹಾಗೆ ಕರೆಯಲು ಯಾರೂ ಪಾಠ ಹೇಳಿರಲಿಲ್ಲ. ದಣಿದ ಹಿರಿಯರು ಹಾಗೆ ಅನ್ನುತ್ತಿದ್ದರು, ಇವಳೂ ಅಂದಳು. ಪುಸ್ತಕ ರೋಗವನ್ನು ಕಲಿಸುತ್ತದೆ. ತಾನು ಎಂಥ ವೈದ್ಯನಾಗಬೇಕೆಂಬುದನ್ನು ವಾರ್ಡು ಕಲಿಸುತ್ತದೆ.

2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಇದನ್ನು ಮನಗಂಡಿದೆ. ಮನೋಭಾವ, ನೀತಿ, ಸಂವಹನಗಳನ್ನು 'ಏಟ್‌ಕಾಮ್' ಎಂಬ ಹೆಸರಿನಲ್ಲಿ ಕಲಿಸಬೇಕೆಂದಿದೆ. ಅಂಗರಚನಾ ವಿಭಾಗದ ಮೃತದೇಹವೇ ಮೊದಲ ಗುರು ಎಂಬುದೂ ಅದರಲ್ಲೊಂದು ಪಾಠ. ಒಳ್ಳೆಯದೇ. ಆದರೆ ತರಗತಿಯ ಮಾತಿಗೆ ವಾರ್ಡಿನ ನಡೆ ವಿರುದ್ಧವಾದರೆ ವಿದ್ಯಾರ್ಥಿ ನಂಬುವುದು ನಡೆಯನ್ನೇ. ನುಡಿ-ನಡೆ ಒಂದಾಗಬೇಕೆಂದ ಶರಣರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಿಗಳ ನೂಕುನುಗ್ಗಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಪುರುಸೊತ್ತು ಮಾಡಿಕೊಡುವ ಹೊಣೆ ಆಡಳಿತ ಮಂಡಳಿಗಳದ್ದು. ಬೆಳಗಾವಿ, ಕಲಬುರಗಿ, ದಾವಣಗೆರೆ, ಮೈಸೂರುಗಳಲ್ಲಿ ನಮ್ಮ ಸಮಾಜದ ಹಿರಿಯರು, ಮಠಗಳು ಕಟ್ಟಿದ ಸಂಸ್ಥೆಗಳು ವೈದ್ಯಕೀಯ ಕಾಲೇಜು ನಡೆಸುತ್ತಿವೆ. ವಾರಕ್ಕೊಂದು ಗಂಟೆ ಒಬ್ಬ ಹಿರಿಯ ವೈದ್ಯರು ಏಳೆಂಟು ಕಿರಿಯರೊಂದಿಗೆ ಕೂರಲಿ. ಅಂಕ ಬೇಡ, ಹಾಜರಿ ಬೇಡ. ಆ ವಾರ ಕಂಡ ಮೊದಲ ಸಾವು, ಆದ ತಪ್ಪು, ಬಂದ ಸಿಟ್ಟು ಎಲ್ಲವನ್ನೂ ಅಂಜದೆ ಹೇಳಿಕೊಳ್ಳಲಿ. ಹಿರಿಯರು ಮೊದಲು ತಮ್ಮ ತಪ್ಪನ್ನು ಹೇಳಲಿ. ನೀರುಣಿಸುವುದೆಂದರೆ ಇದೇ.

ಇನ್ನು ನಮ್ಮ ಪಾಲು. ಮದುವೆ ಮನೆಯಲ್ಲಿ ವೈದ್ಯ ವಿದ್ಯಾರ್ಥಿ ಸಿಕ್ಕರೆ ನಾವು ಕೇಳುವುದೇನು? "ಸೀಟಿಗೆ ಎಷ್ಟಾಯಿತು? ನರ್ಸಿಂಗ್ ಹೋಂ ಯಾವಾಗ?" ನಾನೂ ಕೇಳಿದವನೇ. ಕಾಯಕವೆಂದು ವೇದಿಕೆಯಲ್ಲಿ ಹೇಳಿ, ಮನೆಯಲ್ಲಿ ಬಂಡವಾಳದ ಲೆಕ್ಕ ಕಲಿಸಿದರೆ ಆ ಮಗು ಯಾವುದನ್ನು ನಂಬಬೇಕು?

ಮರುದಿನ ನನ್ನ ಸೊಸೆ ಆ ಅಜ್ಜಿಯ ಬಳಿ ಹೋಗಿ ಹೆಸರು ಕೇಳಿದಳಂತೆ. ಅಂದಿನಿಂದ ಅವಳು ಮನೆಗೆ ಬಂದಾಗ ನಾನು ಕೇಳುವುದು ಒಂದೇ: "ಇವತ್ತು ಯಾರ ಕಷ್ಟ ಕೇಳಿದೆ, ಮಗಳೇ?"